ಚಕ್ರಕ್ಕೆ ಅಂಟುವ ಕಪ್ಪು ಪುಡಿ: ಮೆಕ್ಯಾನಿಕ್ ಅಣ್ಣನನ್ನು ಕೇಳಿ

ಅಡ್ಮಿನ್: ಈ ಭಾನುವಾರದ ವಿಷಯ ಬ್ರೇಕ್ ಧೂಳು. ಮೈಸೂರಿನಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಗುಂಪಿನ ಅಣ್ಣ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಮೆಸೇಜ್ ಬೇಡ.

ಕುವೆಂಪುನಗರ: ನಮಸ್ಕಾರ ಅಣ್ಣ. ತೊಳೆದ ನಾಲ್ಕೇ ದಿನಕ್ಕೆ ಮುಂದಿನ ಎರಡೂ ಅಲಾಯ್ ಚಕ್ರ ಕಪ್ಪಾಗುತ್ತವೆ. ಹಿಂದಿನವು ಚೆನ್ನಾಗೇ ಇರುತ್ತವೆ. ಏನಾದರೂ ತೊಂದರೆನಾ?

ಮೆಕ್ಯಾನಿಕ್: ತೊಂದರೆ ಇಲ್ಲ ಸರ್. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಹಿಂದೆ ಡ್ರಮ್, ಅಂದರೆ ಮುಚ್ಚಿದ ಡಬ್ಬಿ ಥರದ ಬ್ರೇಕ್ ಇದ್ದರೆ ಪುಡಿ ಬಹುಪಾಲು ಅದರೊಳಗೇ ಉಳಿಯುತ್ತದೆ. ಆ ಕಪ್ಪು ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ಮತ್ತು ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್ ಸವೆದ ಪುಡಿ. ಅದರಲ್ಲಿರುವ ಕಬ್ಬಿಣ ಬಿಸಿಯಾಗಿ ಬಂದು ಕೂರುತ್ತದೆ, ಒದ್ದೆಯಾದರೆ ತುಕ್ಕು ಹಿಡಿದು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಶಾಂಪೂ ನೀರು, ಮೆತ್ತನೆ ಬ್ರಷ್ ಸಾಕು. ಚಕ್ರ ತಣ್ಣಗಿರಬೇಕು. ಆ ಸ್ಪಂಜನ್ನು ಬಾಡಿಗೆ ಮುಟ್ಟಿಸಬೇಡಿ, ಗೀರು ಬೀಳುತ್ತದೆ.

ವಿಜಯನಗರ: ಸರ್, ವಾಟ್ಸಾಪಿನಲ್ಲಿ ಬಂದದ್ದು. ಟಾಯ್ಲೆಟ್ ಕ್ಲೀನರಿಗೆ ಹುಣಸೆ ರಸ ಬೆರೆಸಿ ಹತ್ತು ನಿಮಿಷ ಬಿಟ್ಟರೆ ಕನ್ನಡಿ ಥರ ಹೊಳೆಯುತ್ತಂತೆ.

ಮೆಕ್ಯಾನಿಕ್: ಬೇಡ. ಅಂಥವುಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಮೇಲಿನ ಲೇಪ ಎದ್ದುಹೋಗಿ ಅಲ್ಯೂಮಿನಿಯಂ ಬಿಳಿಬಿಳಿ ಆಗುತ್ತದೆ. ಹುಣಸೆಹಣ್ಣು ಸಾರಿಗಿರಲಿ.

ಬೋಗಾದಿ: ಕೋಲಾ ಹಾಕಬಹುದಾ?

ಮೆಕ್ಯಾನಿಕ್: ಬೇಡ.

ಶ್ರೀರಂಗಪಟ್ಟಣ: ಕಬ್ಬಿಣದ ಕಲೆ ತೆಗೆಯುವ ಸ್ಪ್ರೇ ಹೊಡೆದೆ. ಚಕ್ರದಿಂದ ನೇರಳೆ ನೀರು ಇಳಿಯಿತು, ಕೊಳೆತ ಮೊಟ್ಟೆ ವಾಸನೆ. ಹಾಳಾಯ್ತಾ?

ಮೆಕ್ಯಾನಿಕ್: ಇಲ್ಲ ಮೇಡಂ. ಕಬ್ಬಿಣ ಸಿಕ್ಕಿದರೆ ಅದು ನೇರಳೆ ಆಗುತ್ತದೆ, ವಾಸನೆಯೂ ಅದರದೇ. ಒಣಗಲು ಬಿಡದೆ ತೊಳೆಯಿರಿ. ಗ್ಲೌಸ್ ಹಾಕಿಕೊಳ್ಳಿ.

ಮಂಡ್ಯ: ಅಣ್ಣ, ನಂದು ಬೇರೆ ಥರ. ಎಡಗಡೆ ಮುಂದಿನ ಚಕ್ರ ಒಂದೇ ಕಪ್ಪು. ಬಲಗಡೆಯದು ಫಳಫಳ. ಬೆಂಗಳೂರಿಗೆ ಹೋಗಿ ಬಂದ ಮೇಲೆ ಸುಟ್ಟ ವಾಸನೆಯೂ ಬಂತು. ಯಾವ ಕ್ಲೀನರ್ ತಗೊಳ್ಳಲಿ?

ಮೆಕ್ಯಾನಿಕ್: ಕ್ಲೀನರ್ ಆಮೇಲೆ. ಎರಡೂ ಕಪ್ಪಾಗಿದ್ದರೆ ತೊಳೆದುಕೊಳ್ಳಿ ಅನ್ನುತ್ತಿದ್ದೆ. ಒಂದೇ ಅಂದಿದ್ದಕ್ಕೆ ಹೆದರಿಕೆ.

ಬ್ರೇಕ್ ಬಿಟ್ಟ ಮೇಲೂ ಎಡಗಡೆ ಪ್ಯಾಡ್ ಡಿಸ್ಕನ್ನು ಹಿಡಿದೇ ಇರಬಹುದು. ಪ್ಯಾಡ್ ಕೂರುವ ಹಿಡಿಕೆಗೆ ಕ್ಯಾಲಿಪರ್ ಅನ್ನುತ್ತಾರೆ; ಅದು ಸರಿದಾಡುವ ಪಿನ್ನಿನ ಗ್ರೀಸ್ ಒಣಗಿ ಜಾಮ್ ಆಗಿರುತ್ತದೆ, ಇಲ್ಲ ಪ್ಯಾಡನ್ನು ತಳ್ಳುವ ಪಿಸ್ಟನ್ ತುಕ್ಕು ಹಿಡಿದಿರುತ್ತದೆ. ಹಳೆ ರಬ್ಬರ್ ಹೋಸ್ ಒಳಗೇ ಊದಿಕೊಂಡು ಬ್ರೇಕ್ ಆಯಿಲ್ ವಾಪಸ್ ಬಿಡದೇ ಇರುವುದೂ ಉಂಟು. ಇದ್ಯಾವುದೂ ಅಲ್ಲದಿದ್ದರೆ, ಬಲಗಡೆ ಬ್ರೇಕೇ ಹಿಡಿಯುತ್ತಿಲ್ಲ, ಅದರ ಪಾಲಿನ ಕೆಲಸವನ್ನೂ ಎಡಗಡೆಯದು ಮಾಡುತ್ತಿದೆ. ಫಳಫಳ ಅಂದಿರಲ್ಲ, ಅದಕ್ಕೇ ಈ ಅನುಮಾನ.

ಪೆಡಲ್ ಗಟ್ಟಿಯಾಗಿದ್ದರೆ ಮಾತ್ರ ಮನೆ ಹತ್ತಿರದ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ. ಬ್ರೇಕ್ ಆದಷ್ಟು ಕಡಿಮೆ ಒತ್ತಿ. ಇಳಿದು ಎರಡೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಎಡಗಡೆ ಮಾತ್ರ ಕಾದಿದ್ದರೆ ಅದು ಹಿಡಿದುಕೊಂಡಿದೆ. ಕಾದಿಲ್ಲ, ಬ್ರೇಕ್ ಒತ್ತಿದಾಗ ಮಾತ್ರ ಗಾಡಿ ಎಡಕ್ಕೆ ಎಳೆಯುತ್ತದೆ ಅಂದರೆ ಬಲಗಡೆ ಬಿಚ್ಚಿ ನೋಡಬೇಕು. ಸಂದಿಯಿಂದ ಇಣುಕಿ ಪ್ಯಾಡ್ ದಪ್ಪಗಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಕಾಣುವುದು ಹೊರಗಿನ ಪ್ಯಾಡ್. ಪಿನ್ ಜಾಮ್ ಆದರೆ ಸಾಮಾನ್ಯವಾಗಿ ಮೊದಲು ಸವೆಯುವುದು ಒಳಗಿನದು.

ಮಂಡ್ಯ: ನಾಳೆ ಅಮ್ಮನನ್ನು ಚಾಮುಂಡಿ ಬೆಟ್ಟಕ್ಕೆ ಕರ್ಕೊಂಡು ಹೋಗಬೇಕು. ಬಂದ ಮೇಲೆ ತೋರಿಸ್ತೀನಿ.

ಮೆಕ್ಯಾನಿಕ್: ಬಸ್ಸಿನಲ್ಲಿ ಹೋಗಿ. ಇಳಿಜಾರಿನಲ್ಲಿ ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಸೀದಾ ಕೆಳಗಿಳಿಯುತ್ತದೆ.

ಮದ್ದೂರು: ಸೆರಾಮಿಕ್ ಪ್ಯಾಡ್ ಹಾಕಿಸಿದರೆ ಧೂಳು ಕಡಿಮೆನಾ? ಬೆಲೆ ಎಷ್ಟು?

ಗೋಕುಲಂ: ವಾರವಾರ ತೊಳೆಯಿರಿ ಅಂತೀರಲ್ಲ, ಅದು ಕುಡಿಯುವ ಕಾವೇರಿ ನೀರು. ನಮ್ಮ ಬೀದಿಯಲ್ಲಿ ಪೈಪ್ ಹಿಡಿದು ನಿಂತರೆ ಅರ್ಧ ಗಂಟೆ.

ಪಾಂಡವಪುರ: ನಾವು ನಾಲೆಗೆ ನೀರು ಬಿಡಿ ಅಂದರೆ ಕಟ್ಟೆಯಲ್ಲಿ ನೀರಿಲ್ಲ. ಮೈಸೂರಲ್ಲಿ ಟೈರಿಗೆ ಅಭಿಷೇಕ!

ಕುವೆಂಪುನಗರ: ಎರಡು ಬಕೆಟ್ ಸ್ವಾಮಿ. ನಿಮ್ಮ ಕಬ್ಬು ಕುಡಿಯುವುದರ ಮುಂದೆ ಅದ್ಯಾವ ಲೆಕ್ಕ?

ಪಾಂಡವಪುರ: ಕಬ್ಬಿನ ಸುದ್ದಿಗೆ ಬರಬೇಡಿ. ನಾಳೆಯಿಂದ ಸಪ್ಪೆ ಕಾಫಿ ಕುಡೀರಿ.

ಅಡ್ಮಿನ್: ಬ್ರೇಕ್ ಬಗ್ಗೆ ಮಾತ್ರ ದಯವಿಟ್ಟು.

ವಿಜಯನಗರ: ಇನ್ನೊಂದು ಬಂದಿದೆ ಸರ್. ಡಿಸ್ಕಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಧೂಳೇ ಏಳಲ್ಲ.

ಮೆಕ್ಯಾನಿಕ್: ಬ್ರೇಕೂ ಹಿಡಿಯಲ್ಲ. ಎಣ್ಣೆ, ಡೀಸೆಲ್, ಟೈರ್ ಪಾಲಿಶ್ ಯಾವುದೂ ಡಿಸ್ಕಿಗೆ ತಾಗಬಾರದು. ಬೇರೆ ಗುಂಪಿಗೆ ಕಳಿಸಿದ್ದರೆ ಈಗಲೇ ಅಳಿಸಿ.

ವಿಜಯನಗರ: ಸುಮ್ನೆ ಕೇಳಿದೆ. ಅಷ್ಟು ಕೋಪ ಯಾಕೆ?

ಮೆಕ್ಯಾನಿಕ್: ಹೋದ ತಿಂಗಳು ಒಬ್ಬರು ಸವರಿಕೊಂಡೇ ಗ್ಯಾರೇಜಿಗೆ ಬಂದಿದ್ದರು. ಗೇಟಿಗೆ ಗುದ್ದಿದ ಮೇಲೆ.

ಮದ್ದೂರು: ಸೆರಾಮಿಕ್ ಪ್ಯಾಡ್ ಕೇಳಿದ್ದೆ?

ಹೆಬ್ಬಾಳ: ಏರ್ ಹೊಡೆಸಿ ಪುಡಿ ಹಾರಿಸಬಹುದಾ?

ಮೆಕ್ಯಾನಿಕ್: ಬೇಡ. ಎಲ್ಲಾ ನಿಮ್ಮ ಮೂಗಿಗೇ ಹೋಗುತ್ತದೆ. ಒದ್ದೆ ಮಾಡಿ ತೆಗೆಯಿರಿ.

ಬೋಗಾದಿ: ಹಾಗಾದರೆ ಸೋಡಾ?

ಮೆಕ್ಯಾನಿಕ್: ಮೇಲೆ ಓದಿ. ಮಂಡ್ಯದವರೇ, ನೋಡಿದ್ರಾ?

ಮಂಡ್ಯ: ಈಗ ಹಾಲಿನ ಅಂಗಡಿವರೆಗೆ ಹೋಗಿ ಬಂದೆ ಅಣ್ಣ. ಎಡಗಡೆ ಹತ್ತಿರ ಕೈ ಹಿಡಿಯೋಕಾಗ್ತಿಲ್ಲ. ಬಲಗಡೆ ತಣ್ಣಗಿದೆ.

ಮೆಕ್ಯಾನಿಕ್: ಗಾಡಿ ಇನ್ನು ಕದಲಿಸಬೇಡಿ. ಬಿಸಿ ಇರುವಾಗ ನೀರು ಹುಯ್ಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಬೆಳಿಗ್ಗೆ ಹತ್ತಿರದ ಗ್ಯಾರೇಜಿನವರನ್ನೇ ಮನೆಗೆ ಕರೆಸಿ. ಬಿಚ್ಚಿದ ಮೇಲೆ ಒಳಗಿನ ಪ್ಯಾಡಿನ ಫೋಟೋ ನನಗೆ ಕಳಿಸಿ.

ಪಾಂಡವಪುರ: ನೀರು ಹುಯ್ಯಬೇಡಿ ಅಂದದ್ದು ಕುವೆಂಪುನಗರಕ್ಕೂ ಕೇಳಿಸ್ತಾ?

ಬೋಗಾದಿ: ಸರ್, ನಾನು ಕೇಳಿದ್ದು ಅಡುಗೆ ಸೋಡಾ.