ಸರೋಜತ್ತೆಯ ಗಿಫ್ಟ್ ಕಾರ್ಡು, 43 ಜನರ ಗುಂಪು

ಭಾನುವಾರ ಬೆಳಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಶುಭೋದಯದ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ಸರೋಜತ್ತೆ: (ಫೋಟೊ) ಗೃಹಪ್ರವೇಶಕ್ಕೆ ಬಂದಿತ್ತಲ್ಲ, ಬಟ್ಟೆ ಅಂಗಡಿ ಕಾರ್ಡು. 5,000ದ್ದು. ಒಂದು ಸೀರೆ ತಗೊಂಡೆ. ಇನ್ನೆಷ್ಟು ಉಳಿದಿದೆ, ಯಾರಾದರೂ ನೋಡಿ ಹೇಳ್ರಪ್ಪ.

ಫೋಟೊ ಬಹಳ ಚೆನ್ನಾಗಿ ಬಂದಿತ್ತು. 16 ಅಂಕಿಯ ನಂಬರ್, ಅದರ ಕೆಳಗೆ ನಾಣ್ಯದಲ್ಲಿ ಕೆರೆದ ಬೆಳ್ಳಿ ಪಟ್ಟಿ, ಪಟ್ಟಿಯಡಿ 6 ಅಂಕಿಯ ಪಿನ್. ಪಕ್ಕದಲ್ಲಿ ಅತ್ತೆಯ ಅರಿಶಿನ ಮೆತ್ತಿದ ಹೆಬ್ಬೆರಳು.

ಪವನ್: ಅತ್ತೆ, ಮೊದಲು ಫೋಟೊ ಡಿಲೀಟ್ ಮಾಡಿ!

ಗೋಪಿ ಚಿಕ್ಕಪ್ಪ: ಏನೋ ಪವನ್, ಇಲ್ಲಿರುವವರೆಲ್ಲ ನಮ್ಮವರೇ ಅಲ್ವಾ? ಕಳ್ಳರು ಯಾರಿದ್ದಾರೆ? ಸರೋಜಕ್ಕ, ಈ ಲಿಂಕ್ ಒತ್ತು. ಎಲ್ಲಾ ಅಂಗಡಿ ಕಾರ್ಡಿನ ಬ್ಯಾಲೆನ್ಸ್ ಒಂದೇ ಕಡೆ ಸಿಗುತ್ತದೆ. ವಾಕಿಂಗ್ ಗೆಳೆಯರು ಕಳಿಸಿದ್ದು.

ಪವನ್: ಅಯ್ಯೋ, ಒತ್ತಬೇಡಿ ಅತ್ತೆ. ಕಾರ್ಡಿನ ಹಿಂದೆ ಅಚ್ಚಾಗಿರುವ ವಿಳಾಸ ಬಿಟ್ಟು ಬೇರೆ ಎಲ್ಲೂ ನಂಬರ್ ಹಾಕಬೇಡಿ. ಇಂಥ ಪುಟಗಳು ನಂಬರ್, ಪಿನ್ ಎರಡೂ ಕೇಳಿ, ಆಮೇಲೆ 'ಸರ್ವರ್ ಬ್ಯುಸಿ' ಅನ್ನುತ್ತವೆ. ಅಷ್ಟೊತ್ತಿಗೆ ಅವರು ಖರೀದಿ ಮುಗಿಸಿರುತ್ತಾರೆ.

ಗೋಪಿ ಚಿಕ್ಕಪ್ಪ: ನಿನಗೆ ಎಲ್ಲದರಲ್ಲೂ ಅನುಮಾನ. ಎಟಿಎಂ ಕಾರ್ಡ್ ಥರ ಬ್ಲಾಕ್ ಮಾಡಿಸಿದರಾಯಿತು. ರಿಸರ್ವ್ ಬ್ಯಾಂಕ್ ಇಲ್ವಾ?

ಪವನ್: ಬ್ಯಾಂಕ್, ವಾಲೆಟ್ ಕಂಪನಿ ಕೊಡುವ ಗಿಫ್ಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ ನಿಯಮ ಇದೆ. ಒಂದರಲ್ಲಿ 10,000ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ, ಮತ್ತೆ ತುಂಬಿಸುವ ಹಾಗಿಲ್ಲ, ನಗದು ಮಾಡುವ ಹಾಗಿಲ್ಲ. ಇದು ಅಂಗಡಿಯವರದೇ ಕಾರ್ಡು, ಅವರಲ್ಲಿ ಮಾತ್ರ ನಡೆಯುವುದು. ಇದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಕಿಲ್ಲ. ಎಷ್ಟೋ ಕಾರ್ಡಿಗೆ ಒಟಿಪಿಯೂ ಇಲ್ಲ. ನಂಬರ್, ಪಿನ್ ಯಾರ ಕೈಯಲ್ಲಿದೆಯೋ ದುಡ್ಡು ಅವರದು.

ಸ್ಮಿತಾ (ನ್ಯೂಜೆರ್ಸಿ): ಇಲ್ಲಿ ಇನ್ನೂ ಚೆನ್ನಾಗಿದೆ ಚಿಕ್ಕಪ್ಪ. ಅಂಗಡಿಯಲ್ಲಿ ನೇತು ಹಾಕಿದ ಕಾರ್ಡನ್ನೇ ಕದ್ದೊಯ್ದು, ನಂಬರ್ ಬರೆದುಕೊಂಡು, ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿ, ವಾಪಸ್ ಅಲ್ಲೇ ನೇತು ಹಾಕುತ್ತಾರೆ. ನಾವು ಕೌಂಟರಿನಲ್ಲಿ ದುಡ್ಡು ಕಟ್ಟಿ ಅದಕ್ಕೆ ಜೀವ ಬರಿಸಿದ ಮೇಲೆ ಅವರು ಖಾಲಿ ಮಾಡುತ್ತಾರೆ. 2023ರಲ್ಲಿ ಇದರ ತನಿಖೆಗೇ ಸರ್ಕಾರ 'ಪ್ರಾಜೆಕ್ಟ್ ರೆಡ್ ಹುಕ್' ಅಂತ ಶುರು ಮಾಡಿತು. ನಾನಂತೂ ಉಗುರಲ್ಲಿ ಸ್ಟಿಕ್ಕರ್ ಕೆದಕಿ ನೋಡದೆ ಕಾರ್ಡ್ ತೆಗೆದುಕೊಳ್ಳುವುದಿಲ್ಲ.

ಗೋಪಿ ಚಿಕ್ಕಪ್ಪ: ಇದಕ್ಕೇ ಹೇಳುವುದು, ಮುಯ್ಯಿ ಕವರಿನಲ್ಲಿ 501 ಇಟ್ಟು ಕೊಡಿ ಅಂತ. ಪಿನ್ನೂ ಬೇಡ, ಸ್ಟಿಕ್ಕರ್ರೂ ಬೇಡ.

ಈ ಮಾತಿಗೆ ಹನ್ನೊಂದು ಹೆಬ್ಬೆರಳು ಬಿದ್ದವು. ಒಂದು ನನ್ನದೇ.

ಪವನ್: ಸರಿ, ಆದರೆ ಫೋಟೊ ಇನ್ನೂ ಇಲ್ಲೇ ಇದೆ. ಗುಂಪಿನ 43 ನಂಬರಿನಲ್ಲಿ ಮೂರು ಯಾರವು ಅಂತ ಯಾರಾದರೂ ಹೇಳಿ ನೋಡೋಣ.

ಯಾರೂ ಹೇಳಲಿಲ್ಲ. ಒಂದು ನಂಬರ್ ಹಳೇ ಮನೆ ಕಟ್ಟಿದ ಮೇಸ್ತ್ರಿಯದು ಅಂತ ನನ್ನ ಊಹೆ.

ಸರೋಜತ್ತೆ: ಆಗಲೇ ಡಿಲೀಟ್ ಮಾಡಿದೆನಲ್ಲೋ. ನನಗೆ ಕಾಣಿಸುತ್ತಿಲ್ಲ.

ಪವನ್: ನಮಗೆಲ್ಲ ಕಾಣಿಸುತ್ತಿದೆ ಅತ್ತೆ. ನೀವು 'ನನಗೆ ಮಾತ್ರ' ಒತ್ತಿದ್ದೀರಿ. ಇನ್ನು ಅದನ್ನು ತೆಗೆಯುವುದು ಅಡ್ಮಿನ್ ಕೈಲಿ ಮಾತ್ರ.

ಅಡ್ಮಿನ್ ಗೋಪಿ ಚಿಕ್ಕಪ್ಪ. ಐದು ನಿಮಿಷ ಮೌನ. ಆಮೇಲೆ ಫೋಟೊ ಹೋಯಿತು, ಲಿಂಕೂ ಹೋಯಿತು. ಯಾವುದಕ್ಕೂ ಒಂದು ಮಾತಿಲ್ಲ.

ಪವನ್: ಗ್ಯಾಲರಿಯಲ್ಲಿ ತಾನಾಗಿ ಸೇವ್ ಆಗಿದ್ದರೆ ಎಲ್ಲರೂ ಅಲ್ಲಿಂದಲೂ ತೆಗೆಯಿರಿ. ಅತ್ತೆ, ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ ಬಾಕಿ ಕೇಳಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡೋಣ. ಇದ್ದರೆ ಇವತ್ತೇ ಹೋಗಿ ಖರ್ಚು ಮಾಡಿಬಿಡಿ.

ಸರೋಜತ್ತೆ: 1,340 ಇದೆಯಂತೆ! ಹೊರಟೆ.

ಸಂಜೆ 7ಕ್ಕೆ ಮತ್ತೆ ಬಂದರು.

ಸರೋಜತ್ತೆ: ಒಂದು ಬೆಡ್‌ಶೀಟು, ಎರಡು ಟವೆಲು. ಕಾರ್ಡಲ್ಲಿ ಇನ್ನು 12 ರೂಪಾಯಿ. ಫೋಟೊ ಹಾಕಲಾ?

ಪವನ್: ಈಗ ಧಾರಾಳವಾಗಿ ಹಾಕಿ ಅತ್ತೆ.