ಕರ್ಣವೋ ವಿಕರ್ಣವೋ? ಪಕ್ಕಾಸಿನ ಲೆಕ್ಕದಲ್ಲಿ ಎದ್ದ ಸಂಶಯ

ಎಲ್ಲರಿಗೂ ನಮಸ್ಕಾರ.

ಲಂಬಕೋನ ತ್ರಿಭುಜದ ಓರೆ ಬದಿಗೆ ನೀವು ಏನೆನ್ನುತ್ತೀರಿ? ಆಯತದ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆಗೆ? ಸುಮ್ನೆ ಕೇಳುತ್ತಿಲ್ಲ. ಈ ಎರಡು ಪದ ಅದಲುಬದಲಾಗಿ ನಮ್ಮಲ್ಲಿ 40 ಅಡಿ ಉದ್ದದ ಪಕ್ಕಾಸಿಗೆ (ಹಂಚಿನ ಛಾವಣಿಯನ್ನು ಹೊರುವ ಓರೆ ಮರಕ್ಕೆ) ಆರ್ಡರ್ ಹೋಗುವುದರಲ್ಲಿತ್ತು.

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸಣ್ಣಪುಟ್ಟ ಮನೆಗಳ ಕೆಲಸ ಹಿಡಿಯುತ್ತೇನೆ. ಕೆಂಪುಕಲ್ಲಿನ ಗೋಡೆ, ಮೇಲೆ ಹಂಚಿನ ಮಾಡು. ಪ್ರತಿ ಮನೆಗೂ ಅದೇ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ಒತ್ತಿ ಬೇಜಾರಾಗಿ ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿದೆ. ಅಡಿಪಾಯದ ಉದ್ದ ಅಗಲ ಹಾಕಿದರೆ ಮೂಲೆಯಿಂದ ಮೂಲೆಗೆ ಎಷ್ಟು ಬರಬೇಕು ಎಂದು ಒಂದು ಖಾನೆ ಹೇಳುತ್ತದೆ. ಮೂಲೆ ಮಟ್ಟ (ಲಂಬಕೋನ) ಇದೆಯೋ ಇಲ್ಲವೋ ಎಂದು ನೋಡಲು ಅದು ಬೇಕು. ಮನೆಯ ಅರ್ಧ ಅಗಲ ಮತ್ತು ಮಾಡಿನ ಎತ್ತರ ಹಾಕಿದರೆ ಪಕ್ಕಾಸಿನ ಉದ್ದ ಇನ್ನೊಂದು ಖಾನೆಯಲ್ಲಿ ಬರುತ್ತದೆ. ಸೂರಿನ ಹೊರಚಾಚಿಗೆ ಬೇರೆ ಖಾನೆ ಇದೆ, ಅದು ಇಲ್ಲಿ ಬೇಡ.

ನಾನು ಓದಿದ್ದು ಪುತ್ತೂರಿನಲ್ಲಿ, ಕರ್ನಾಟಕದ ಪಠ್ಯ. ಹಾಗಾಗಿ ಏನೂ ಯೋಚಿಸದೆ ಮೊದಲ ಖಾನೆಗೆ ‘ಕರ್ಣ’ ಎಂದೂ ಎರಡನೆಯದಕ್ಕೆ ‘ವಿಕರ್ಣ’ ಎಂದೂ ತಲೆಬರಹ ಕೊಟ್ಟೆ. ನಾವು ಕಲಿತದ್ದು ಹಾಗೆಯೇ ಅಲ್ವಾ? ಚತುರ್ಭುಜಕ್ಕೆ ಕರ್ಣಗಳು, ಲಂಬಕೋನ ತ್ರಿಭುಜಕ್ಕೆ ವಿಕರ್ಣ. ತ್ರಿಭುಜಗಳ ಸರ್ವಸಮತೆಗೆ ‘ಲಂ.ವಿ.ಬಾ.’ (ಲಂಬಕೋನ, ವಿಕರ್ಣ, ಬಾಹು) ಎಂದು ಉರು ಹೊಡೆದದ್ದು ಇನ್ನೂ ನೆನಪಿದೆ. ಅದರ ನಡುವಿನ ‘ವಿ’ ಈ ವಿಕರ್ಣವೇ.

ನನ್ನ ಸೋದರಳಿಯ ಓದಿದ್ದು ಕಾಸರಗೋಡಿನಲ್ಲಿ, ಮಲಯಾಳಂ ಮಾಧ್ಯಮ. ಕನ್ನಡ ಓದಲು ಬರುತ್ತದೆ. ಮರದ ಮಿಲ್ಲಿಗೆ ಅಳತೆ ಹೇಳು ಎಂದು ಅವನಿಗೆ ಶೀಟನ್ನು ಫೋನಿಗೆ ಕಳಿಸಿದೆ. ಆ ಮನೆ 32 ಅಡಿ ಉದ್ದ, 24 ಅಡಿ ಅಗಲ. ಹಾಗಾಗಿ ಕರ್ಣದ ಖಾನೆಯಲ್ಲಿ 40 ಇತ್ತು. ಅರ್ಧ ಅಗಲ 12, ಮಾಡಿನ ಎತ್ತರ 7. ಹಾಗಾಗಿ ವಿಕರ್ಣದಲ್ಲಿ 13.89. ಅವನು ಪಕ್ಕಾಸು 40 ಅಡಿ ಎಂದು ಚೀಟಿ ಬರೆದ! ಪಕ್ಕದಲ್ಲಿದ್ದ ಮೇಸ್ತ್ರಿ ನೋಡಿ ತುಳುವಿನಲ್ಲಿ ಕೇಳಿದರಂತೆ: “ಮರ ಎಲ್ಲಾದರೂ ಸಿಕ್ಕೀತು ಮಾರಾಯ, ಅದನ್ನು ಹೊರುವ ಲಾರಿ ಎಲ್ಲಿದೆ?”

ಸಂಜೆ ಅವನಿಗೆ ಬೈಯಲು ಹೊರಟವನು ನಾನೇ ಸುಮ್ಮನಾದೆ. ಮಲಯಾಳಂ ಪಠ್ಯದಲ್ಲಿ ತ್ರಿಭುಜದ ಓರೆ ಬದಿ ‘ಕರ್ಣಂ’, ಚತುರ್ಭುಜದ ಮೂಲೆಗೆರೆ ‘ವಿಕರ್ಣಂ’. ಪೂರ್ತಿ ಉಲ್ಟಾ! ಎರಡೂ ಕಡೆ ಅವೇ ಎರಡು ಪದಗಳು, ನಡುವೆ ತಲಪಾಡಿ ಗಡಿ ಅಷ್ಟೆ. ಅವನು ಓದಿದ ಪ್ರಕಾರ ಅವನದೇ ಸರಿ.

ಸಂಸ್ಕೃತದಲ್ಲಿ ಈ ಜಗಳವೇ ಇಲ್ಲ. ಅಲ್ಲಿ ತ್ರಿಭುಜಕ್ಕೂ ಕರ್ಣ, ಚತುರ್ಭುಜಕ್ಕೂ ಕರ್ಣ. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲಿ ಲಂಬಕೋನ ತ್ರಿಭುಜದ ಮೂರು ಬದಿಗಳು ಭುಜ, ಕೋಟಿ, ಕರ್ಣ. ಅದಕ್ಕೂ ಎಷ್ಟೋ ಹಿಂದಿನ ಶುಲ್ಬಸೂತ್ರಗಳಲ್ಲಿ ಮೂಲೆಗೆರೆಗೆ ‘ಅಕ್ಷ್ಣಯಾ ರಜ್ಜು’ ಎನ್ನುತ್ತಾರೆ, ಅಂದರೆ ಅಡ್ಡ ಹಾಯುವ ಹಗ್ಗ. ನಮ್ಮ ಮೇಸ್ತ್ರಿ ನೂಲು ಹಿಡಿಯುವುದೂ ಹಾಗೆಯೇ. ಯೋಚಿಸಿದರೆ ಒಂದೇ ಪದ ಸಾಕು. ಆಯತವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ಲಂಬಕೋನ ತ್ರಿಭುಜ, ಸೀಳಿದ ಗೆರೆಯೇ ಅವೆರಡರ ಓರೆ ಬದಿ. ನನ್ನ ಶೀಟಿನಲ್ಲೂ ಎರಡು ಖಾನೆಗೂ ಇರುವುದು ಒಂದೇ ಸೂತ್ರ: =ಎಸ್‌ಕ್ಯೂಆರ್‌ಟಿ(ಬಿ2^2+ಸಿ2^2). ಅಂದರೆ ಎರಡು ಬದಿಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯುವುದು. ಸಾಲಿನ ಸಂಖ್ಯೆ ಮಾತ್ರ ಬೇರೆ.

ಹಾಗಾದರೆ ಈ ‘ವಿ’ ಎಲ್ಲಿಂದ ಬಂತು? ಕನ್ನಡದಲ್ಲಿ ಅದು ತ್ರಿಭುಜಕ್ಕೆ ಅಂಟಿತು, ಮಲಯಾಳಂನಲ್ಲಿ ಚತುರ್ಭುಜಕ್ಕೆ. ಇದು ನನ್ನ ಮೊದಲ ಪ್ರಶ್ನೆ. ಕಾಸರಗೋಡು 1956ರ ನವೆಂಬರ್‌ವರೆಗೆ ದಕ್ಷಿಣ ಕನ್ನಡದಲ್ಲೇ ಇತ್ತು. ಆಗ ಮದ್ರಾಸ್ ರಾಜ್ಯದ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಈ ಬಳಗದಲ್ಲಿದ್ದರೆ ಅವರಿಗೆ ಕಲಿಸಿದ ಪದ ಯಾವುದು? ಈಗ ಇಲ್ಲಿನ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ಟೀಚರುಗಳು ಯಾವುದನ್ನು ಹೇಳಿಕೊಡುತ್ತೀರಿ? ಹಳೆಯ ಪುಸ್ತಕದ ಪುಟದ ಫೋಟೋ ಹಾಕಿದರೆ ಬಹಳ ಉಪಕಾರ.

ಎರಡನೆಯದು ಮಟ್ಟದ ವಿಷಯ. ಮಲಯಾಳಂ ಪಠ್ಯದಲ್ಲಿ ಲಂಬಕೋನ ತ್ರಿಭುಜಕ್ಕೆ ‘ಮಟ್ಟತ್ರಿಕೋಣಂ’ ಎನ್ನುತ್ತಾರೆ, ಲಂಬಕೋನಕ್ಕೆ ‘ಮಟ್ಟಕೋಣ್’. ಮೇಸ್ತ್ರಿಯ ಕೈಯಲ್ಲಿರುವ ಮೂಲೆಮಟ್ಟವೇ ನೇರ ಪುಸ್ತಕಕ್ಕೆ ಹೋಗಿದೆ. ನನಗಂತೂ ಹೊಟ್ಟೆಕಿಚ್ಚಾಯಿತು. ನಮ್ಮಲ್ಲೂ ಮೂಲೆಮಟ್ಟ ಇದೆ, ರಸಮಟ್ಟ ಇದೆ, ಪುಸ್ತಕಕ್ಕೆ ಮಾತ್ರ ‘ಲಂಬಕೋನ’. ಆದರೆ ಕನ್ನಡದಲ್ಲಿ ಬರೇ ‘ಮಟ್ಟ’ ಎಂದರೆ ಏರುತಗ್ಗಿಲ್ಲದ್ದು ಎಂದೇ ಮೊದಲು ತೋಚುತ್ತದೆ. ‘ಮಟ್ಟತ್ರಿಭುಜ’ ಎಂದರೆ ನಿಮಗೆ ಕಿವಿಗೆ ಹಿಡಿಸುತ್ತದೋ, ನೆಲಕ್ಕೆ ಅಂಗಾತ ಮಲಗಿದ ತ್ರಿಭುಜದ ಹಾಗೆ ಕೇಳುತ್ತದೋ?

ಪದ ಬಿಟ್ಟು ಅಂಕಿಯಲ್ಲೂ ಒಂದು ಭಾಷಾಂತರ ಮಾಡಬೇಕಾಯಿತು. ಶೀಟಿನ 13.89 ಎಂದರೆ 13 ಅಡಿ 8.9 ಇಂಚಲ್ಲ, ಸುಮಾರು 13 ಅಡಿ ಹತ್ತೂಮುಕ್ಕಾಲು ಇಂಚು. ಐಎನ್‌ಟಿ (ಪೂರ್ಣಾಂಕವನ್ನಷ್ಟೇ ಉಳಿಸುವ ಸೂತ್ರ) ಹಾಕಿ ಅಡಿಯನ್ನು ಬೇರೆ ತೆಗೆದು, ಉಳಿದದ್ದನ್ನು 12ರಿಂದ ಗುಣಿಸಿದೆ. ನಮ್ಮ ಹಳೆಯ ಆಚಾರಿಗೆ ಅದೂ ಬೇಡ, ಅವರಿಗೆ ಕೋಲು ಬೇಕು. 24 ಅಂಗುಲಕ್ಕೆ ಒಂದು ಕೋಲು, ಅಂದರೆ 72 ಸೆಂಟಿಮೀಟರ್. ಅವರ ಖಾನೆಯಲ್ಲಿ ಈಗ 5 ಕೋಲು 21 ಅಂಗುಲ ಎಂದು ಬರುತ್ತದೆ. ಅದನ್ನು ನೋಡಿದ ಮೇಲೆಯೇ ಅವರು ಫೋನನ್ನು ಸ್ವಲ್ಪ ನಂಬಿದ್ದು.

ಕರ್ಣ, ವಿಕರ್ಣ ಬೇಡವೆಂದರೆ ನೀವು ಏನು ಹೇಳುತ್ತೀರಿ ಎಂದು ಮೇಸ್ತ್ರಿಯನ್ನೇ ಕೇಳಿದೆ. “ಅವರಿಬ್ಬರೂ ಕೌರವನ ಕಡೆಯವರಲ್ವಾ? ಯಕ್ಷಗಾನ ಆಟದಲ್ಲಿ ನೋಡಿದ್ದೇವೆ. ಕೆಲಸಕ್ಕೆ ಮೂಲೆಗೆ ಮೂಲೆ, ಪಕ್ಕಾಸಿನ ಉದ್ದ, ಅಷ್ಟೇ” ಎಂದರು.

ಸದ್ಯಕ್ಕೆ ಹಾಗೆಯೇ ಬರೆದಿದ್ದೇನೆ. ಆದರೆ ಅಳಿಯನದು ಹೊಸ ತಕರಾರು: ತಲೆಬರಹ ಉದ್ದವಾಗಿ ಫೋನಿನಲ್ಲಿ ‘ಪಕ್ಕಾಸಿ’ ಎಂಬಲ್ಲಿಗೆ ಕತ್ತರಿಸಿ ಹೋಗುತ್ತದೆ. ‘ಓರೆ’ ಎಂದು ಎರಡೇ ಅಕ್ಷರ ಹಾಕಿದರೆ ಸಾಕೇ, ಅಥವಾ ಅದನ್ನು ಮಾಡಿನ ಇಳಿಜಾರು ಎಂದು ಓದುತ್ತಾರೆಯೇ? ಇದಕ್ಕಿಂತ ಒಳ್ಳೆಯ ಗಿಡ್ಡ ಪದ ಇದ್ದರೆ ತಿಳಿಸಿ. ಮುಂದಿನ ವಾರ ಪೆರ್ಲದಲ್ಲಿ ಇನ್ನೊಂದು ಮನೆಯ ಮಾಡು ಏರಿಸುವುದಿದೆ.