ಗಿಡ್ಡ ನಳಿಗೆಯ ಮ್ಯಾಗ್ನಮ್ ರೈಫಲ್: ಪ್ರಾಂಗ್‌ಹಾರ್ನ್‌ನಿಂದ ಎಲ್ಕ್‌ವರೆಗೆ ಒಂದೇ ಸಾಕಾ?

ವಿರಾಜಪೇಟೆಯವಳು:

ನಮಸ್ಕಾರ. ನಾನಿರೋದು ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ, ತವರು ವಿರಾಜಪೇಟೆ ಹತ್ತಿರ. ಕೋವಿ ನನಗೆ ಹೊಸದಲ್ಲ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿದ ಜೋಡು ನಳಿಗೆ ಕೋವಿಗೆ ಕೈಮುಗಿದು, ಮಧ್ಯಾಹ್ನ ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಈಡು ಹೊಡೆದೇ ಬೆಳೆದವಳು. ಆದರೆ ಹನ್ನೆರಡು ಬೋರಿನ ತೋಟಾ ಕೋವಿಯೇ ಬೇರೆ, ಇಲ್ಲಿನ ಮ್ಯಾಗ್ನಮ್ (ಹೆಚ್ಚು ಮದ್ದಿನ, ಜೋರು ಹೊಡೆತದ ತೋಟಾ) ರೈಫಲ್ಲೇ ಬೇರೆ ಅಂತ ಹೋದ ಅಕ್ಟೋಬರ್‌ನಲ್ಲಿ ಗೊತ್ತಾಯ್ತು.

ಗಂಡನ ಸ್ನೇಹಿತರೊಬ್ಬರ .300 ವಿನ್‌ಚೆಸ್ಟರ್ ಮ್ಯಾಗ್ನಮ್ ಎರವಲು ತಂದು ನಾರ್ತ್ ಪಾರ್ಕ್ ಕಡೆ ಎಲ್ಕ್ ಶಿಕಾರಿಗೆ ಹೋಗಿದ್ದೆ. ಅದರ ನಳಿಗೆ 26 ಇಂಚು, ನಾನು ಐದಡಿ ಎರಡಿಂಚು. ಆ ಕಾಡು ನೋಡಿದವರಿಗೆ ಗೊತ್ತಿರುತ್ತೆ: ತೊಗಟೆಹುಳು ಬಿದ್ದು ಸತ್ತ ಲಾಡ್ಜ್‌ಪೋಲ್ ಪೈನ್ ಮರಗಳು ಬೆಂಕಿಕಡ್ಡಿ ಚೆಲ್ಲಿದ ಹಾಗೆ ಒಂದರ ಮೇಲೊಂದು ಬಿದ್ದಿವೆ. ಹತ್ತು ಹೆಜ್ಜೆಗೊಮ್ಮೆ ಹತ್ತಿ ದಾಟಬೇಕು, ಇಲ್ಲ ಬಗ್ಗಿ ನುಸುಳಬೇಕು. ಬೆನ್ನಿಗೆ ಹಾಕಿದ ಕೋವಿಯ ತುದಿ ತಲೆಗಿಂತ ಒಂದು ಮೊಳ ಮೇಲೆ, ಸಿಕ್ಕ ಕೊಂಬೆಗೆಲ್ಲ ತಗುಲುತ್ತೆ. ಅರವತ್ತು ಗಜ ದೂರದಲ್ಲಿ ಗಂಡು ಎಲ್ಕ್ ಒಂದು ನಿಂತಿತ್ತು. ಊರಲ್ಲಿ ಕಡವೆ ನೋಡಿದವರು ಅದಕ್ಕೊಬ್ಬ ದೊಡ್ಡಣ್ಣನನ್ನು ಊಹಿಸಿಕೊಳ್ಳಿ. ಕೋವಿ ಭುಜಕ್ಕೆ ತರೋಷ್ಟರಲ್ಲಿ ನಳಿಗೆಯ ತುದಿ ಒಣಕೊಂಬೆಗೆ ಬಡಿದು ಟಕ್ ಅಂತು. ಅದು ಓಡಲೂ ಇಲ್ಲ. ಒಮ್ಮೆ ನನ್ನ ಕಡೆ ನೋಡಿ, ಮದುವೆ ಊಟ ಮುಗಿಸಿ ಹೊರಟ ಹಿರಿಯರ ಹಾಗೆ ನಿಧಾನಕ್ಕೆ ಮರೆಯಾಯ್ತು.

ಹಾಗಾಗಿ ಈ ಸಲ ಸ್ವಂತದ್ದು ತಗೊಳ್ಳೋಣ ಅಂತಿದ್ದೀನಿ. ನಳಿಗೆ 20 ಇಂಚಿನ ಆಸುಪಾಸು ಇರಬೇಕು, ಹೊಡೆತ ಮ್ಯಾಗ್ನಮ್‌ದೇ ಇರಬೇಕು. ಜಿಂಕೆಯಷ್ಟೇ ಇರೋ ಪ್ರಾಂಗ್‌ಹಾರ್ನ್, ಮ್ಯೂಲ್ ಡಿಯರ್, ಎಲ್ಕ್, ಲೈಸೆನ್ಸ್ ಲಾಟರಿಯಲ್ಲಿ ಅದೃಷ್ಟ ಖುಲಾಯಿಸಿದರೆ ಎಲ್ಕ್‌ಗಿಂತಲೂ ದೊಡ್ಡ ಮೂಸ್, ಎಲ್ಲಕ್ಕೂ ಒಂದೇ. .300 ಡಬ್ಲ್ಯೂಎಸ್‌ಎಂ (ವಿನ್‌ಚೆಸ್ಟರ್ ಶಾರ್ಟ್ ಮ್ಯಾಗ್ನಮ್) ಒಳ್ಳೇದು ಅಂತ ಒಬ್ಬರು ಹೇಳಿದರು. ಇಲ್ಲೊಂದು ಹಳೇ ಅಂಗಡಿಯಲ್ಲಿ ರೆಮಿಂಗ್ಟನ್ 600 ಕೂಡ ಇದೆ, .350 ರೆಮಿಂಗ್ಟನ್ ಮ್ಯಾಗ್ನಮ್, ನಳಿಗೆ ಹದಿನೆಂಟೂವರೆ ಇಂಚು. ನಾಯಿಯ ಹಿಂಗಾಲಿನ ಹಾಗೆ ಬಾಗಿದ ಬೋಲ್ಟ್ ಹಿಡಿ, ನಳಿಗೆಯ ಮೇಲೆ ಉದ್ದಕ್ಕೆ ತೂತು ತೂತಿನ ಪಟ್ಟಿ. ನೋಡಿದ ತಕ್ಷಣ ಮನಸ್ಸು ಹೋಯ್ತು. ಏನಂತೀರಿ?

ಜಯನಗರ ಟು ಡೆನ್ವರ್:

ಮೇಡಂ, ಎರಡು ವಿಷಯ ಕಲಸಿಹೋಗಿದೆ, ಮೊದಲು ಬಿಡಿಸ್ತೀನಿ. ಡಬ್ಲ್ಯೂಎಸ್‌ಎಂನಲ್ಲಿ ಗಿಡ್ಡ ಇರೋದು ತೋಟಾ, ನಳಿಗೆ ಅಲ್ಲ. 1963ರ .300 ವಿನ್‌ಮ್ಯಾಗ್ ತೋಟಾ ಉದ್ದ, ಅದಕ್ಕೆ ಉದ್ದ ಆಕ್ಷನ್ (ತೋಟಾ ಒಳಗೆ ತಳ್ಳಿ ಬಿಗಿಯೋ ಬೋಲ್ಟ್ ಭಾಗ) ಬೇಕು. 2001ರ ಸುಮಾರಿಗೆ ಬಂದ ಡಬ್ಲ್ಯೂಎಸ್‌ಎಂ ಕುಳ್ಳ, ದಪ್ಪ. ಹೆಚ್ಚುಕಮ್ಮಿ ಅಷ್ಟೇ ವೇಗವನ್ನು ಗಿಡ್ಡ ಆಕ್ಷನ್‌ನಲ್ಲಿ ಕೊಡುತ್ತೆ. ಇದರಿಂದ ಉಳಿಯೋದು ಅರ್ಧ ಇಂಚು ಉದ್ದ, ಸ್ವಲ್ಪ ತೂಕ, ಅಷ್ಟೇ. ಅದೇ ತೋಟಾಗೆ 24 ಇಂಚಿನ ನಳಿಗೆ ಹಾಕಿದ ರೈಫಲ್ ಬೇಕಾದಷ್ಟಿವೆ.

ಇನ್ನು ನಳಿಗೆ. ಮ್ಯಾಗ್ನಮ್‌ಗಳಲ್ಲಿ ನಳಿಗೆ ಒಂದಿಂಚು ಕಮ್ಮಿಯಾದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ಇಳಿಯುತ್ತೆ. 24 ಇಂಚಿನಲ್ಲಿ 180 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2,960 ಅಡಿ ಹೋದರೆ, 20 ಇಂಚಿನಲ್ಲಿ 2,850 ಅಂದುಕೊಳ್ಳಿ. 200 ಗಜಕ್ಕೆ ಗುರಿ ಕೂರಿಸಿದರೆ 300 ಗಜದಲ್ಲಿ ಈ ಎರಡು ಗುಂಡು ಕೆಳಗಿಳಿಯೋದರ ವ್ಯತ್ಯಾಸ ಒಂದಿಂಚೂ ಇಲ್ಲ. ಎಲ್ಕ್‌ಗೆ ಅದು ಗೊತ್ತಾಗಲ್ಲ. ಗಿಡ್ಡ ಮಾಡಿದರೆ ಗುರಿ ಕೆಡುತ್ತೆ ಅನ್ನೋದೂ ಸುಳ್ಳು. ಗಿಡ್ಡ ನಳಿಗೆ ಬಿಗಿಯಾಗಿರುತ್ತೆ, ಅಷ್ಟು ನಡುಗಲ್ಲ. ಕೆಡೋದು ಕಿವಿ. ಉರಿಯೋ ಮದ್ದು ಮುಖಕ್ಕೆ ನಾಲ್ಕಿಂಚು ಹತ್ತಿರ ಬರುತ್ತೆ.

16 ಇಂಚಿಗಿಂತ ಕೆಳಗೆ ಮಾತ್ರ ಇಳೀಬೇಡಿ. ಅದು 1934ರ ಫೆಡರಲ್ ಬಂದೂಕು ಕಾಯ್ದೆಯ ರಿಜಿಸ್ಟ್ರೇಷನ್‌ಗೆ ಬೀಳುತ್ತೆ, ಕೊಲೊರಾಡೊ ಬೇಟೆ ನಿಯಮದಲ್ಲೂ ಕನಿಷ್ಠ 16 ಇಂಚೇ. 18ರಿಂದ 22 ಅಂದರೆ ಯಾರೂ ಕೇಳಲ್ಲ.

ಆ 600 ಬಗ್ಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡ್ತಾ ಹೇಳ್ತೀನಿ. 1965ರ ತೋಟಾ ಅದು, ಕಾಲಕ್ಕಿಂತ ಮುಂಚೆ ಹುಟ್ಟಿದ ಮಗು. ಗುರುವಾರ ರಾತ್ರಿ ನಾರ್ತ್ ಪಾರ್ಕಿನ ವಾಲ್ಡನ್‌ನಂಥ ಸಣ್ಣ ಊರಲ್ಲಿ ಅದರ ಡಬ್ಬಿ ಹುಡುಕಿ ನೋಡಿ ಗೊತ್ತಾಗುತ್ತೆ. ಮನೇಲಿ ಕೂತು ತೋಟಾ ತುಂಬೋ ಅಭ್ಯಾಸ ಇದ್ದರೆ ತಗೊಳ್ಳಿ, ಮೊದಲು ಗನ್‌ಸ್ಮಿತ್ ಹತ್ರ ಟ್ರಿಗರ್ ತೋರಿಸಿ.

ಹೊಸಬ_ಟೆಕ್ಸಾಸ್:

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಾನು ಎಚ್-1ಬಿ ಮೇಲಿದ್ದೀನಿ. ನಾವೂ ಕೋವಿ ಇಟ್ಟುಕೊಳ್ಳಬಹುದಾ?

ಜಯನಗರ ಟು ಡೆನ್ವರ್:

ಸಾಮಾನ್ಯವಾಗಿ ಇಲ್ಲ, ಗುರು. ಆ ಥರದ ವೀಸಾದವರು ಕೈಲಿ ಹಿಡಿಯೋದೇ ಫೆಡರಲ್ ಕಾನೂನಲ್ಲಿ ತಪ್ಪು. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೂ ವಕೀಲರನ್ನ ಕೇಳದೆ ಅಂಗಡಿ ಮೆಟ್ಟಿಲು ಹತ್ತಬೇಡ, ಗ್ರೀನ್ ಕಾರ್ಡ್ ಆಸೆ ಇದ್ದರಂತೂ. ಬೇರೆ ಥ್ರೆಡ್ ತೆಗಿ, ಅಲ್ಲಿ ಮಾತಾಡೋಣ.

ಹುಬ್ಬಳ್ಳಿ-ಆಂಕರೇಜ್:

ಅಕ್ಕಾರ, ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ .300 ಹೊಡೀವಾಗ ಕಣ್ಣು ಮುಚ್ಚತೀರೇನು?

ನಂದು .375 ರೂಗರ್, 20 ಇಂಚಿನ ನಳಿಗಿ. ಆಲ್ಡರ್ ಪೊದ್ಯಾಗ ಕಂದು ಕರಡಿ ಹದಿನೈದು ಗಜದಾಗ ಎದ್ದು ನಿಂತ್ರ ಉದ್ದ ನಳಿಗಿ ತಿರಗಸ್ಲಿಕ್ಕೆ ಪುರುಸೊತ್ತು ಇರೂದಿಲ್ಲ, ಅದಕ್ಕ ಗಿಡ್ಡಂದು ತಗೊಂಡೇನಿ. ನಿಮ್ಮ ಕೊಲೊರಾಡೊದಾಗ ಇರೂದು ಬರೇ ಕಪ್ಪು ಕರಡಿ. ಈ ತ್ರಾಸ ನಿಮಗ್ಯಾಕ? ಒಮ್ಮೆ ಕಿವಿಗೆ ಏನೂ ಹಾಕ್ಕೊಳ್ಳದ ಹೊಡದೆ, ಸಂಜೀತನಕ ಕಿವ್ಯಾಗ ಜೀರುಂಡಿ ಕೂಗಿದಂಗ ಆತು. ಒದೆತಕ್ಕ ಮಝಲ್ ಬ್ರೇಕ್ (ನಳಿಗಿ ತುದೀಗೆ ಹಾಕೂ ತೂತಿನ ತುಂಡು) ಹಾಕ್ರಿ ಅಂತಾರ. ಹಾಕಿದ್ರ ಭುಜಾ ಉಳೀತದ, ಬಾಜೂಕ ನಿಂತಾಂವ ಕಿವುಡಾಗ್ತಾನ. ಸಪ್ರೆಸರ್ (ಸಪ್ಪಳ ತಗ್ಗಸೂ ಕೊಳವಿ) ಹಾಕಿದ್ರ ಚಲೋ, ಆದ್ರ ಅದರದ ಆರೇಳು ಇಂಚು. ಇಪ್ಪತ್ತು ಮತ್ತ ಇಪ್ಪತ್ತಾರ ಆತಲ್ಲ!

ಒಂದು ಕೆಲಸ ಮಾಡ್ರಿ. ರೇಂಜಿನ್ಯಾಗ ಕೋವಿ ಗಂಡನ ಕೈಯಾಗ ಕೊಡ್ರಿ. ಅವರು ನಿಮಗ ಕಾಣಧಂಗ ಒಮ್ಮೆ ಖರೇ ತೋಟಾ ಹಾಕ್ಲಿ, ಒಮ್ಮೆ ಮದ್ದಿಲ್ಲದ ಡಮ್ಮಿ ಹಾಕ್ಲಿ. ಡಮ್ಮಿ ಬಂದಾಗ ನಳಿಗಿ ತುದಿ ಏನ ಮಾಡ್ತದ ನೋಡಿ ಬಂದು ಹೇಳ್ರಿ. ಆಮ್ಯಾಲೆ ಕೋವಿ ಆರಸೋಣು.

ಸಕಲೇಶಪುರ ತೋಟ:

ತಂಗಿ, ನನ್ನದು ಹಳೇ ಜೋಡು ನಳಿಗೆ, ಮ್ಯಾಗ್ನಮ್ ಕಂಡವನಲ್ಲ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಅಂದರೆ ಅಜ್ಜಂದಿರ ಕಥೆ ಮಾತ್ರ. ಆದರೂ ಒಂದು ಪ್ರಶ್ನೆ. ಎಲ್ಲರೂ ಮುಂದಿನ ತುದಿಯ ಅಳತೆ ಮಾತಾಡ್ತಿದ್ದೀರಿ, ಹಿಂದಿನದು ಅಳೆದಿದ್ದೀರಾ? ಟ್ರಿಗರ್‌ನಿಂದ ಸ್ಟಾಕಿನ (ಭುಜಕ್ಕೆ ಆನಿಸೋ ಹಿಡಿ) ಹಿಂಭಾಗಕ್ಕೆ ಎಷ್ಟಿದೆ? ನಿಮ್ಮ ಮನೆಯ ಹಳೇ ಕೋವಿಯದ್ದು ಎಷ್ಟಿತ್ತು?

ವಿರಾಜಪೇಟೆಯವಳು:

ಎಲ್ಲರಿಗೂ ವಂದನೆ. ಮೂರು ವಾರ ಬಿಟ್ಟು ಬರೀತಿದ್ದೀನಿ, ಯಾಕಂದ್ರೆ ಸ್ವಲ್ಪ ನಾಚಿಕೆ.

ಹುಬ್ಬಳ್ಳಿಯವರು ಹೇಳಿದ ಹಾಗೇ ಮಾಡಿದ್ವಿ. ಹತ್ತು ಸಲದಲ್ಲಿ ಆರು ಡಮ್ಮಿ. ಮೊದಲನೇ ಡಮ್ಮಿಗೇ ನಳಿಗೆ ತುದಿ ನಾಲ್ಕು ಬೆರಳು ಕೆಳಗೆ ಬಾಗಿತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಗಂಡ ನಗಲಿಲ್ಲ, ಅದೇ ದೊಡ್ಡದು. ಮೊದಲ ಪೋಸ್ಟ್‌ನಲ್ಲಿ ಬರೆಯದ ವಿಷಯ ಒಂದಿದೆ: ಹೋದ ವರ್ಷ ಗುರಿ ಕೂರಿಸುವಾಗಲೇ ಸ್ಕೋಪ್ ಹಿಂದೆ ಬಂದು ಹುಬ್ಬಿಗೆ ಬಡಿದಿತ್ತು. ಅರ್ಧಚಂದ್ರದ ಗಾಯ, ಈಗಲೂ ಸಣ್ಣ ಕಲೆ ಇದೆ. ಆಫೀಸಲ್ಲಿ ಬೀರು ಬಾಗಿಲು ತಗುಲಿತು ಅಂದಿದ್ದೆ. ಆ ಎಲ್ಕ್ ನಿಂತೇ ಇದ್ದಿದ್ದರೂ ನಾನು ಹೊಟ್ಟೆಗೋ ಕಾಲಿಗೋ ಹೊಡೀತಿದ್ದೆ ಅಂತ ಈಗ ಅನ್ನಿಸುತ್ತೆ. ಕೊಂಬೆ ತಗುಲಿದ್ದು ಅದರ ಪುಣ್ಯವೋ ನನ್ನದೋ.

ಆಮೇಲೆ ಸಕಲೇಶಪುರದವರ ಪ್ರಶ್ನೆ. ಆ .300ರ ಸ್ಟಾಕ್ ಅಳೆದೆ, ಹದಿಮೂರೂ ಮುಕ್ಕಾಲು ಇಂಚು. ಊರಿಗೆ ಫೋನ್ ಮಾಡಿ ಅಪ್ಪನಿಗೆ ಮನೆ ಕೋವಿ ಅಳೆಯೋಕೆ ಹೇಳಿದೆ. ಟೇಪ್ ಸಿಗದೆ ಅಮ್ಮನ ಹೊಲಿಗೆ ಡಬ್ಬಿ ಹುಡುಕಿ ಅಳೆದು "ಹನ್ನೆರಡೂವರೆ" ಅಂದರು. "ಅಷ್ಟು ಕಮ್ಮಿನಾ?" ಅಂದೆ. "ನಿನ್ನ ಅತ್ತೆಗೆ ಅಂತ ನಾನೇ ಆಚಾರಿ ಹತ್ರ ಒಂದಿಂಚು ಕೊಯ್ಯಿಸಿದ್ದಲ್ವಾ" ಅಂದರು. ಅಂದರೆ ಇಷ್ಟು ವರ್ಷ ನಾನು ಒಳ್ಳೆ ಗುರಿಕಾರ್ತಿ ಅಂದುಕೊಂಡಿದ್ದು ಅತ್ತೆಯ ಅಳತೆಗೆ ಕೊಯ್ದ ಕೋವಿಯಿಂದ. ನನಗದು ಗೊತ್ತೇ ಇರಲಿಲ್ಲ.

ಹೋದ ಶನಿವಾರ ರೇಂಜಿನಲ್ಲಿ ಒಬ್ಬ ಅಜ್ಜ ತಮ್ಮ .30-06 ಕೊಟ್ಟರು. 22 ಇಂಚಿನ ನಳಿಗೆ, ಮೊಮ್ಮಗಳಿಗೆ ಅಂತ ಗಿಡ್ಡ ಸ್ಟಾಕ್ ಹಾಕಿಸಿದ್ದು. ಭುಜಕ್ಕಿಟ್ಟ ತಕ್ಷಣ ಸ್ಕೋಪಿನಲ್ಲಿ ಪೂರ್ತಿ ಬೆಳಕು, ಕತ್ತು ಚಾಚಬೇಕಾಗಿಲ್ಲ. ಒದೆಯುತ್ತೆ, ಇಲ್ಲ ಅನ್ನಲ್ಲ, ಆದರೆ .300ರ ಹಾಗೆ ಕಪಾಳಕ್ಕೆ ಹೊಡೆದಂಗಲ್ಲ. ಡಮ್ಮಿ ಪರೀಕ್ಷೆಯಲ್ಲಿ ಐದರಲ್ಲಿ ನಾಲ್ಕು ಸಲ ತುದಿ ಅಲ್ಲಾಡಲಿಲ್ಲ. ನೂರು ಗಜದಲ್ಲಿ ಮೂರು ಗುಂಡು ಒಂದು ಒಬ್ಬಟ್ಟಿನಗಲದೊಳಗೆ. ಇದಕ್ಕಿಂತ ಚೆನ್ನಾಗಿ ಹೊಡೆಯೋರು ಇಲ್ಲಿ ನೂರು ಜನ ಇದ್ದಾರೆ, ನನಗೆ ಸದ್ಯಕ್ಕೆ ಸಾಕು.

ಜಯನಗರ ಟು ಡೆನ್ವರ್:

.30-06 ಅಂದರೆ 180 ಗ್ರೇನ್ ಗುಂಡು, ಸೆಕೆಂಡಿಗೆ 2,700 ಅಡಿ, 1906ರ ತೋಟಾ. ಒದೆತ .300ಕ್ಕಿಂತ ಹೆಚ್ಚುಕಮ್ಮಿ ಕಾಲು ಭಾಗ ಕಡಿಮೆ. 300 ಗಜದೊಳಗೆ ಎಲ್ಕ್, ಮೂಸ್ ಯಾವುದಕ್ಕೂ ಇದು ಕಡಿಮೆ ಆಗಲ್ಲ. ಯಾವ ಅಂಗಡೀಲೂ ಡಬ್ಬಿ ಸಿಗುತ್ತೆ. ಆದರೆ ಮೇಡಂ, ಕೇಳಿದ್ದು ಮ್ಯಾಗ್ನಮ್ಮು!

ಹುಬ್ಬಳ್ಳಿ-ಆಂಕರೇಜ್:

ಕೇಳಲಿ ಬಿಡೋ ತಮ್ಮಾ. ಅಕ್ಕಾರ, ಆ ಐದನೇದು ಯಾಕ ಅಲ್ಲಾಡ್ತು? ಮನ್ಯಾಗ ದಿನಾ ಹತ್ತು ಸಲ ಖಾಲಿ ಕೋವಿ ಟ್ರಿಗರ್ ಒತ್ತಿ ರೂಢಿ ಮಾಡ್ರಿ, ನಳಿಗಿ ಮ್ಯಾಲೆ ಒಂದು ನಾಣ್ಯ ಇಟ್ಟು. ನಾಣ್ಯ ಬೀಳಬಾರದು. ಖಾಲಿ ಐತೋ ಇಲ್ಲೋ ಎರಡು ಸಲ ನೋಡ್ಕೊಂಡು.

ವಿರಾಜಪೇಟೆಯವಳು:

ನಿನ್ನೆ ಶುರು ಮಾಡಿದೆ. ನಾಣ್ಯ ಹತ್ತರಲ್ಲಿ ಏಳು ಸಲ ಬಿತ್ತು, ಮಗ ಎಣಿಸ್ತಾ ಕೂತಿದ್ದ.

.30-06 ಆರ್ಡರ್ ಮಾಡಿದೆ, 22 ಇಂಚು, ಗಿಡ್ಡ ಸ್ಟಾಕ್. ಆ 600 ಇನ್ನೂ ಅಂಗಡಿಯ ಗಾಜಿನ ಕಪಾಟಲ್ಲೇ ಇದೆ. ದುಡ್ಡು ಕಟ್ಟೋಕೆ ಹೋದಾಗ ಒಮ್ಮೆ ಭುಜಕ್ಕಿಟ್ಟು ನೋಡಿದೆ. ಸ್ಟಾಕ್ ನನಗೆ ಉದ್ದ. ಅಳತೆ ಮಾತ್ರ ಬರ್ಕೊಂಡು ಬಂದಿದ್ದೀನಿ.